ಗಡಿಯಾರದವರು ಕೂರಿಸಿದ ಇಂಜಿನ್

ಅನಾಹುತಕ್ಕೆಲ್ಲ ಮೂಲ ಅರ್ಧ ಇಂಚು.

ಬೆಳಗ್ಗೆ ಎಂಟು ಗಂಟೆಗೆ ಗಡಿಯಾರದವರು ಶೆಡ್ಡಿನ ತೊಲೆಗೆ ಕಟ್ಟಿದ್ದ ಚೈನ್ ಪುಲ್ಲಿಯ ಸರಪಳಿ ಬಿಡುತ್ತಾ ಇಂಜಿನ್ನನ್ನು ಕಾರಿನೊಳಕ್ಕೆ ಇಳಿಸಿದರು. ನಿದ್ದೆ ಬಂದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ನಾಜೂಕಾಗಿ ಇಳಿಸಿದರು. ಎಡಗಡೆಯ ಮೌಂಟಿಂಗ್, ಅಂದರೆ ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ಕಿವಿ, ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಬೋಲ್ಟು ಬೆಣ್ಣೆಯಂತೆ ಇಳಿಯಿತು. ಸಿಳ್ಳೆ ಹಾಕುತ್ತಾ ಬಲಗಡೆಗೆ ಬಂದು ಬಗ್ಗಿ ನೋಡಿದರು. ಸಿಳ್ಳೆ ನಿಂತಿತು. ಇಂಜಿನ್ನಿನ ತೂತು ಒಂದು ಕಡೆ, ಚೌಕಟ್ಟಿನ ತೂತು ಇನ್ನೊಂದು ಕಡೆ, ನಡುವೆ ಅರ್ಧ ಇಂಚು.

ಅವರು ಜೇಬಿನಿಂದ ಸಣ್ಣ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಮತ್ತೆ ನೋಡಿದರು. ಅರ್ಧ ಇಂಚು ಇನ್ನೂ ದೊಡ್ಡದಾಗಿ ಕಂಡಿತು.

ಮೂವತ್ತು ವರ್ಷದಿಂದ ಅವರದ್ದು ಕೈಗಡಿಯಾರ ರಿಪೇರಿ. ಬೀದಿಯವರೆಲ್ಲ ಅವರನ್ನು ಗಡಿಯಾರದವರು ಅಂತಲೇ ಕರೆಯುತ್ತಿದ್ದರು. ಎಳ್ಳಿನ ಕಾಳಿಗಿಂತ ಸಣ್ಣ ಚಕ್ರಗಳನ್ನು ಚಿಮಟಿಗೆಯಲ್ಲಿ ಹಿಡಿದು ಕೂರಿಸಿದ ಕೈ ಅದು. "ಇಂಜಿನ್ ಅಂದ್ರೆ ಏನು? ದೊಡ್ಡ ಗಡಿಯಾರ. ಮೀನು ಹಿಡಿಯೋನಿಗೆ ತಿಮಿಂಗಿಲ ಹಿಡಿಯೋಕೆ ಬರಲ್ವಾ?" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಮೀನು ಹಿಡಿಯುವವರು ಯಾರಾದರೂ ಅಲ್ಲಿದ್ದಿದ್ದರೆ ಸರಿಯಾದ ಉತ್ತರ ಕೊಡುತ್ತಿದ್ದರೋ ಏನೋ.

ಕಾರು ಅವರ ಗುರುಗಳದ್ದು. ಅವರಿಗೆ ಕೆಲಸ ಕಲಿಸಿದ ಮುದುಕ, ಸಾಯುವ ಮುಂಚೆ ಬೀಗದ ಕೈಯನ್ನು ಇವರ ಅಂಗೈಗೆ ಒತ್ತಿ, "ನಿಂತದ್ದನ್ನ ಓಡಿಸೋದೇ ನಮ್ಮ ಕಸುಬು ಕಣೋ. ಇದೊಂದು ನನ್ನ ಕೈಲಿ ಆಗ್ಲಿಲ್ಲ" ಎಂದಿದ್ದ. ಆ ಮಾತು ಗಡಿಯಾರದವರ ಎದೆಯಲ್ಲಿ ಆರು ವರ್ಷದಿಂದ ಹಾಗೇ ಕೂತಿತ್ತು. ಕಾರು ಶೆಡ್ಡಿನಲ್ಲಿ ಹಾಗೇ ಕೂತಿತ್ತು. ಹಳೆಯ ಇಂಜಿನ್ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ಕೊನೆಗೆ ಹೋದ ವಾರ ಅದನ್ನು ಎತ್ತಿ ಶೆಡ್ಡಿನ ಮೂಲೆಗೆ ಹಾಕಿ, ಗುದ್ದಿಸಿಕೊಂಡು ಮೂಲೆ ಸೇರಿದ್ದ ಯಾವುದೋ ಡೆಲಿವರಿ ವ್ಯಾನಿನ ಇಂಜಿನ್ನು, ಗೇರ್ ಬಾಕ್ಸು ಸಮೇತ, ತಂದಿದ್ದರು. ಮಾರಿದವನು "ಕಣ್ಣು ಮುಚ್ಚಿ ಕೂರಿಸಿ ಸಾರ್" ಅಂದಿದ್ದ. ಇವರು ಕಣ್ಣು ತೆರೆದು ಕೂರಿಸಲು ಹೋದದ್ದೇ ತಪ್ಪಾಯಿತು.

ಅಷ್ಟರಲ್ಲಿ ಹೆಂಡತಿ ಚಹಾ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದಳು. ಆಕೆ ಹೊಲಿಗೆ ಕಲಿಸುವವಳು. ನಡುಮನೆಯಲ್ಲಿ ನಡೆಯುತ್ತಿದ್ದ ತರಗತಿಗೆ ಜಾಗ ಸಾಲದೆ, ಕಲಿಯುವವರು ಒಬ್ಬರ ಸೆರಗಿಗೆ ಇನ್ನೊಬ್ಬರು ಹೊಲಿಗೆ ಹಾಕುವ ಹಂತಕ್ಕೆ ಬಂದಿತ್ತು.

"ರೀ, ನಾಳೆ ಬೆಳಗ್ಗೆ ಈ ಶೆಡ್ಡಿಗೆ ಎಂಟು ಹೊಲಿಗೆ ಮೆಷಿನ್ ಬರ್ತವೆ. ನೆನಪಿದೆ ತಾನೆ?"

"ಇದೆ ಕಣೇ."

"ಗುಜರಿಯವನಿಗೂ ಹೇಳಿ ಕಳಿಸಿದ್ದೀನಿ. ಇವತ್ತು ಸಂಜೆ ಸರಿಯಾಗಿ ಐದು ಗಂಟೆಗೆ ಲಾರಿ ತರ್ತಾನೆ. ಅಷ್ಟರೊಳಗೆ ನಿಮ್ಮ ಕಾರು ತಾನಾಗೇ ಓಡಿ ಆಚೆ ಬಂತೋ, ನಿಮ್ಮದು. ನಾನು ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ವೋ, ಅವನದು."

"ಗುರುಗಳ ಕಾರು ಕಣೇ ಅದು!"

"ಗೊತ್ತು. ಅದಕ್ಕೇ ಆರು ವರ್ಷ ಕಾದಿದ್ದೀನಿ" ಎಂದಳು ಆಕೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಗಡಿಯಾರದವರಿಗೆ ಹೆದರಿಕೆಯಾದದ್ದು ಅದಕ್ಕೇ.

ಮೊದಲು ಮೂಗು ತೂರಿಸಿದವರು ಎದುರು ಮನೆಯ ಗಾರ್ಡ್ ಸಾಹೇಬರು. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ಪೀಪಿಯನ್ನು ಕೊರಳಿನಿಂದ ಇಳಿಸಿರಲಿಲ್ಲ. ಯಾವ ಗಾಡಿಯೇ ಹೊರಡಲಿ, ತಾವಿಲ್ಲದೆ ಹೊರಡಬಾರದು ಅನ್ನುವುದು ಅವರ ನಿಲುವು.

"ಎಂಟು ಗಂಟೆ ಹದಿನಾರು ನಿಮಿಷ" ಎಂದು ಅವರು ಒಳಗೆ ಬಂದರು. "ಏನಪ್ಪಾ, ಲೇಟು?"

"ಅರ್ಧ ಇಂಚು ಸಾಹೇಬ್ರೆ."

"ಅರ್ಧ ಇಂಚಾ? ನಾನು ಮುಕ್ಕಾಲು ಗಂಟೆ ಲೇಟಾದ ಗಾಡಿನೆಲ್ಲ ಸರಿಯಾದ ಟೈಮಿಗೆ ಮುಟ್ಟಿಸಿದ್ದೀನಿ. ವೆಲ್ಡರನ್ನ ಕರೆಸು."

ವೆಲ್ಡರು ಬಂದ. ಮಿತಭಾಷಿ. ಜಗತ್ತಿನ ಸಮಸ್ಯೆಗಳಲ್ಲಿ ಅವನ ಪಾಲಿಗೆ ಎರಡೇ ಬಗೆ, ಕತ್ತರಿಸಬೇಕಾದವು ಮತ್ತು ಅಂಟಿಸಬೇಕಾದವು. ಬಲಗಡೆಯ ಹಳೆಯ ಕಿವಿಯನ್ನು ಕತ್ತರಿಸಿದ, ಅರ್ಧ ಇಂಚು ಸರಿಸಿ ಹೊಸ ಕಿವಿ ಅಂಟಿಸಿದ. ಬೋಲ್ಟು ಇಳಿಯಿತು. ಹನ್ನೊಂದು ಗಂಟೆಗೆ ಗಡಿಯಾರದವರು ಸರಪಳಿಯನ್ನು ಪೂರ್ತಿ ಸಡಿಲ ಬಿಟ್ಟರು. ಇಂಜಿನ್ನಿನ ಭಾರ ಮೌಂಟಿಂಗ್ ಮೇಲೆ ಬಿತ್ತು. ಅದರ ಹಿಂದೆಯೇ ಠಣ್ ಎಂದು ಸದ್ದಾಯಿತು.

ವೆಲ್ಡರು ಕಾರಿನಡಿ ಮಲಗಿ ಟಾರ್ಚು ಬಿಟ್ಟ. "ಆಯಿಲ್ ಚೇಂಬರ್ರು ಚೌಕಟ್ಟಿನ ಅಡ್ಡಪಟ್ಟಿ ಮೇಲೆ ಕೂತ್ಬಿಟ್ಟಿದೆ ಸಾರ್. ಹಿಂಗೇ ಸ್ಟಾರ್ಟ್ ಮಾಡಿದ್ರೆ ತಳ ಒಡೆದು ಎಣ್ಣೆ ಎಲ್ಲ ನೆಲಕ್ಕೆ."

"ಎಷ್ಟು ಎತ್ತಬೇಕು?"

"ಒಂದೂವರೆ ಇಂಚು."

"ಅಷ್ಟು ಎತ್ತಿದ್ರೆ ಮೇಲೆ ಬಾನೆಟ್ಟು ಮುಚ್ಚುತ್ತಾ?"

ಬಾನೆಟ್ಟು ತೆರೆದಿದ್ದರೆ ಜಾಗ ಎಷ್ಟಿದೆ ಗೊತ್ತಾಗುವುದಿಲ್ಲ, ಮುಚ್ಚಿದರೆ ಕಾಣಿಸುವುದಿಲ್ಲ. ಗಾರ್ಡ್ ಸಾಹೇಬರು ಯಾರಾದರೂ ತೆಳ್ಳಗಿನವರನ್ನು ಒಳಗೆ ಮಲಗಿಸಿ ಮುಚ್ಚಿ ನೋಡಬಹುದೆಂದು ವೆಲ್ಡರನ ಕಡೆ ನೋಡಿದರು. ವೆಲ್ಡರು ಚಹಾ ಕುಡಿಯುವ ನೆಪದಲ್ಲಿ ದೂರ ಹೋದ.

ಗಡಿಯಾರದವರ ಮುಖ ಅರಳಿತು. "ಇದಕ್ಕೆ ನಮ್ಮ ಕಸುಬಿನಲ್ಲಿ ಉಪಾಯ ಇದೆ! ಗಡಿಯಾರದ ಮುಚ್ಚಳಕ್ಕೂ ಚಕ್ರಕ್ಕೂ ಮಧ್ಯೆ ಎಷ್ಟು ಜಾಗ ಅಂತ ನೋಡೋಕೆ ನಾನು ಒಂದು ಚೂರು ಮೇಣ ಇಟ್ಟು ಮುಚ್ತೀನಿ. ತೆಗೆದಾಗ ಮೇಣ ಎಷ್ಟು ದಪ್ಪ ಉಳಿದಿರುತ್ತೋ ಅಷ್ಟು ಜಾಗ ಇದೆ ಅಂತ. ಇಲ್ಲಿಗೆ ಅಂಗೈ ಅಗಲ ಏನಾದ್ರೂ ಮೆತ್ತಗಿರೋದು ಬೇಕು."

"ಮೆತ್ತಗಿರೋದು ತಾನೆ?" ಎಂದು ಕಾಂಪೌಂಡಿನ ಆಚೆಯಿಂದ ಧ್ವನಿ ಬಂತು. ಪಕ್ಕದ ಬೇಕರಿಯ ಅಣ್ಣ ಗೋಡೆಯ ಮೇಲೆ ಗಲ್ಲ ಊರಿ ಬೆಳಗ್ಗಿನಿಂದ ಎಲ್ಲ ನೋಡುತ್ತಿದ್ದ. ಎರಡು ನಿಮಿಷದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಒಂದು ಬೋಗುಣಿ ಹಿಟ್ಟು ಹೊತ್ತು ತಂದ. "ಸಂಜೆ ಬ್ರೆಡ್ಡಿಗೆ ಕಲಸಿದ್ದು. ಈಗಷ್ಟೇ. ನಿಮ್ಮ ಕೆಲಸಕ್ಕಿಂತ ಹೆಚ್ಚಾ ಅಣ್ಣ?"

ಗಡಿಯಾರದವರಿಗೆ ಕಣ್ಣು ತುಂಬಿ ಬಂತು. ನೆರೆಹೊರೆ ಎಂದರೆ ಇದು ಅನ್ನಿಸಿತು. ಹಿಟ್ಟಿನ ದೊಡ್ಡ ಉಂಡೆಯನ್ನು ಇಂಜಿನ್ನಿನ ನೆತ್ತಿಯ ಮೇಲಿಟ್ಟು ಬಾನೆಟ್ಟು ಮುಚ್ಚಿದರು, ಒತ್ತಿದರು, ಮತ್ತೆ ಎತ್ತಿದರು. ಉಂಡೆ ಅಚ್ಚುಕಟ್ಟಾಗಿ ತಟ್ಟಿದ ಬಿಲ್ಲೆಯಾಗಿತ್ತು. ಅಳೆಯಲು ಪಟ್ಟಿ ಹುಡುಕುವಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು.

"ಅಳತೆ ಎಲ್ಲಿಗೆ ಓಡಿಹೋಗುತ್ತೆ? ಊಟ ಮಾಡಿ ಬಂದು ನೋಡೋಣ" ಎಂದರು ಗಾರ್ಡ್ ಸಾಹೇಬರು. ಊಟದ ವಿಷಯದಲ್ಲಿ ಅವರು ಒಂದು ದಿನವೂ ಲೇಟಾದವರಲ್ಲ.

ತಗಡಿನ ಮಾಡು, ನಡುನೆತ್ತಿಯ ಸೂರ್ಯ, ಬೆಚ್ಚಗಿನ ಶೆಡ್ಡು. ಹಿಟ್ಟಿನ ಬಿಲ್ಲೆ ಒಂದೂಕಾಲು ಗಂಟೆ ಒಬ್ಬಂಟಿಯಾಗಿ ಇಂಜಿನ್ನಿನ ಮೇಲೆ ಕೂತಿತ್ತು.

ಮರಳಿ ಬಂದ ಗಡಿಯಾರದವರು ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಬಿಲ್ಲೆಯ ದಪ್ಪ ಅಳೆದರು. ಒಂದೂಮುಕ್ಕಾಲು ಇಂಚು! ಮತ್ತೊಮ್ಮೆ ಅಳೆದರು. ಕೂದಲೆಳೆಯಷ್ಟು ಹೆಚ್ಚೇ ಬಂತು.

"ಒಂದೂವರೆ ಎತ್ತಿದ್ರೂ ಇನ್ನೂ ಕಾಲು ಇಂಚು ಮಿಗುತ್ತೆ! ಗುರುಗಳು ಮೇಲಿಂದ ನೋಡ್ತಾ ಇದ್ದಾರೆ" ಎಂದು ಅವರು ತಗಡಿನ ಮಾಡಿಗೆ ಕೈಮುಗಿದರು. ವೆಲ್ಡರು ಎರಡೂ ಕಿವಿಗಳಡಿಗೆ ಒಂದೂವರೆ ಇಂಚಿನ ಕಬ್ಬಿಣದ ತುಂಡಿಟ್ಟು, ಪ್ರಳಯ ಬಂದರೂ ಕಳಚದಂತೆ ಬೆಸೆದ. ಕೆಳಗೆ ಆಯಿಲ್ ಚೇಂಬರಿಗೂ ಅಡ್ಡಪಟ್ಟಿಗೂ ನಡುವೆ ಬೆರಳು ಸಲೀಸಾಗಿ ಆಡಿತು. ಗಂಟೆ ಮೂರು. ಎಲ್ಲರೂ ಕೈಕುಲುಕಿದರು. ಬಾನೆಟ್ಟು ಮುಚ್ಚಿದರು.

ಬಾನೆಟ್ಟು ಮುಚ್ಚಲಿಲ್ಲ. ಎರಡು ಬೆರಳು ಎತ್ತರದಲ್ಲಿ ಬಾಯಿ ತೆರೆದು ನಿಂತಿತು. ಗಾರ್ಡ್ ಸಾಹೇಬರು ಅದರ ಮೇಲೆ ಕೂತರು. ಅವರು ಇಳಿದ ಮೇಲೆ ಬಾನೆಟ್ಟಿನಲ್ಲಿ ಅವರದೊಂದು ಗುರುತು ಉಳಿಯಿತೇ ಹೊರತು ಅದು ಮುಚ್ಚಲಿಲ್ಲ.

"ಇದು ಹೆಂಗೆ ಸಾಧ್ಯ?" ಎಂದು ಗಡಿಯಾರದವರು ಹಿಟ್ಟಿನ ಬಿಲ್ಲೆಯನ್ನು ಕೈಗೆತ್ತಿಕೊಂಡರು. ಅದೀಗ ಬಿಲ್ಲೆಯಾಗಿ ಉಳಿದಿರಲಿಲ್ಲ, ಸಣ್ಣ ದಿಂಬಾಗಿತ್ತು. ಬೇಕರಿಯ ಅಣ್ಣ ಅದನ್ನು ಇಸಿದುಕೊಂಡು ಬೆರಳಿನಿಂದ ಒತ್ತಿದ, ಮೂಸಿದ. ಅವನ ಮುಖದಲ್ಲಿ ಹೆಮ್ಮೆ ಮೂಡಿತು.

"ನೋಡಿ ಅಣ್ಣ ಹೆಂಗೆ ಉಬ್ಬಿದೆ! ಹೊಸ ಯೀಸ್ಟು. ಒಂದು ಗಂಟೆಗೆ ಎರಡರಷ್ಟು ಆಗ್ಬಿಟ್ಟಿದೆ."

ಗಡಿಯಾರದವರು ಅಣ್ಣನ ಕಡೆ ತಿರುಗಿದರು.

"ಉಬ್ಬುತ್ತೆ ಅಂತ ಮುಂಚೆನೇ ಹೇಳೋದಲ್ವೇನಯ್ಯಾ?"

"ಬ್ರೆಡ್ಡಿನ ಹಿಟ್ಟು ಉಬ್ಬುತ್ತೆ ಅಂತ ಹೇಳ್ಬೇಕಾ ಅಣ್ಣ? ಉಬ್ಬದೇ ಇದ್ದಿದ್ರೆ ಹೇಳ್ತಿದ್ದೆ."

ಮತ್ತೆ ಕತ್ತರಿಸಿ ಇಳಿಸಬೇಕೆಂದರೆ ನಾಳೆ ಮಧ್ಯಾಹ್ನವಾಗುತ್ತದೆ ಎಂದ ವೆಲ್ಡರು. ತಾನೇ ಹಾಕಿದ ಬೆಸುಗೆಯನ್ನು ಕತ್ತರಿಸುವುದು ಅವನಿಗೂ ಅಷ್ಟು ಸುಲಭವಿರಲಿಲ್ಲ. ಗಡಿಯಾರದವರು ತಲೆಯ ಮೇಲೆ ಕೈ ಹೊತ್ತು ಕೂತರು. ನಾಳೆ ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಐದು ಗಂಟೆಗೆ ಲಾರಿ ಬರುತ್ತದೆ, ಗುರುಗಳ ಕಾರನ್ನು ಸರಪಳಿ ಬಿಗಿದು ಎಳೆದುಕೊಂಡು ಹೋಗುತ್ತದೆ, ತಾವು ಬಾಗಿಲಲ್ಲಿ ನಿಂತು ನೋಡಬೇಕು.

"ಬಾನೆಟ್ಟು ಇಲ್ದೆ ಗಾಡಿ ಓಡಲ್ವಾ?" ಎಂದರು ಗಾರ್ಡ್ ಸಾಹೇಬರು. "ನಾಲ್ಕು ಬೋಲ್ಟು. ತೆಗೆದಿಟ್ರೆ ಆಯ್ತು. ಆಮೇಲೆ ನಿಧಾನಕ್ಕೆ ಹಾಕ್ಕೋ."

ಈ ಮಾತು ಕೇಳಿ ಎಲ್ಲರಿಗೂ ಹುರುಪು ಬಂತು. ಅಲ್ಲಿಂದ ಮುಂದೆ ಶೆಡ್ಡಿನಲ್ಲಿ ಜೋಡಿಸುವ ಕೆಲಸ ನಿಂತು ಬಿಚ್ಚುವ ಕೆಲಸ ಶುರುವಾಯಿತು. ಬಾನೆಟ್ಟು ತೆಗೆದರು. ಹೊರಗಿಟ್ಟರೆ ಬಿಸಿಲಿಗೆ ಬಣ್ಣ ಮಾಸುತ್ತದೆಂದು ಗಡಿಯಾರದವರು ಅದನ್ನು ಜೋಪಾನವಾಗಿ ಶೆಡ್ಡಿನ ಮೂಲೆಗೆ ಸಾಗಿಸಿ, ಹಳೆಯ ಇಂಜಿನ್ನಿಗೆ ಒರಗಿಸಿ, ಬೆಡ್‌ಶೀಟು ಹೊದಿಸಿದರು.

ಇಂಜಿನ್ನು ಮೇಲೆದ್ದದ್ದರಿಂದ ಅದರ ಫ್ಯಾನು ರೇಡಿಯೇಟರಿಗೆ ತಾಗುತ್ತಿತ್ತು. ರೇಡಿಯೇಟರನ್ನು ಮುಂದಕ್ಕೆ ಸರಿಸಲು ಮುಂದಿನ ಜಾಲರಿ, ಎರಡು ದೀಪ, ಬಂಪರ್ರು ಹೋಗಬೇಕಾಯಿತು. ಅವೂ ಮೂಲೆ ಸೇರಿದವು. ಸೈಲೆನ್ಸರ್ ಕೊಳವೆ ಸ್ಟಿಯರಿಂಗಿನ ಸರಳಿಗೆ ಅಡ್ಡ ಬಂತು. ಕಾರು ಬಲಕ್ಕೆ ತಿರುಗಬೇಕೋ, ಸದ್ದಿಲ್ಲದೆ ಓಡಬೇಕೋ ಎಂಬ ಪ್ರಶ್ನೆ ಎದ್ದಾಗ, ತಿರುಗುವುದು ಮುಖ್ಯ ಎಂದು ಗಾರ್ಡ್ ಸಾಹೇಬರು ತೀರ್ಪು ಕೊಟ್ಟರು. ಸೈಲೆನ್ಸರು ಮೂಲೆ ಸೇರಿತು. ವ್ಯಾನಿನ ಗೇರ್ ಬಾಕ್ಸು ಉದ್ದದ್ದು, ಹಾಗಾಗಿ ಗೇರು ಕಡ್ಡಿ ಸರಿಯಾಗಿ ಡ್ರೈವರ್ ಸೀಟಿನ ನಡುವಿನಿಂದ ಮೇಲೆ ಬಂತು. ಹಾಗೆ ಕೂತರೆ ಆಗುವ ಅನಾಹುತವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಎರಡೂ ಸೀಟು ಹೋದವು. ಬೇಕರಿಯ ಅಣ್ಣ ಪ್ರಾಯಶ್ಚಿತ್ತವೆಂಬಂತೆ ಬ್ರೆಡ್ಡು ಸಾಗಿಸುವ ಕ್ರೇಟೊಂದನ್ನು ತಂದು ಬೋರಲು ಹಾಕಿ ಕೊಟ್ಟ.

ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದಿತ್ತು. ಅದನ್ನು ಇಳಿಸಿ, ಒಂದು ಪ್ಲಾಸ್ಟಿಕ್ ಕ್ಯಾನನ್ನು ಮುಂದಿನ ಗಾಜಿನ ಚೌಕಟ್ಟಿಗೆ ನೇತುಹಾಕಿ ಕೊಳವೆ ಬಿಟ್ಟರು. ಕೈಯಾಡಿಸಲು ಅಡ್ಡವಾಗುತ್ತವೆಂದು ನಾಲ್ಕು ಬಾಗಿಲುಗಳನ್ನೂ ಬಿಚ್ಚಿದರು. ಹಿಂದಿನ ಸೀಟನ್ನು ಯಾಕೆ ತೆಗೆದರೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಬಿಚ್ಚುವ ಕೈ ಒಂದು ಸಲ ಓಡತೊಡಗಿದರೆ ನಿಲ್ಲಿಸುವುದು ಕಷ್ಟ.

"ನಾಲ್ಕು ಐವತ್ತೇಳು" ಎಂದರು ಗಾರ್ಡ್ ಸಾಹೇಬರು.

ಗಡಿಯಾರದವರು ಕ್ರೇಟಿನ ಮೇಲೆ ಕೂತು ಬೀಗದ ಕೈ ತಿರುಗಿಸಿದರು. ಇಂಜಿನ್ನು ಕೆಮ್ಮಿತು. ಮತ್ತೆ ತಿರುಗಿಸಿದರು. ಮೂರನೇ ಸಲಕ್ಕೆ ಅದು ಹೊತ್ತಿಕೊಂಡದ್ದೇ ತಡ, ಸೈಲೆನ್ಸರಿಲ್ಲದ ಗಂಟಲಿನಿಂದ ಹೊರಟ ಆರ್ಭಟಕ್ಕೆ ತಗಡಿನ ಮಾಡು ಗಡಗಡ ನಡುಗಿತು. ಇಂಜಿನ್ನು ನಡುಗಿದರೂ ಕದಲಲಿಲ್ಲ. ಎಲ್ಲಿಯೂ ಏನೂ ತಾಗಲಿಲ್ಲ. ತಾಗಲು ಅಲ್ಲಿ ಏನೂ ಉಳಿದಿರಲೂ ಇಲ್ಲ ಬಿಡಿ.

ಪೀಪಿ ಮೊಳಗಿತು. ಕಾರು ಹಿಂದಕ್ಕೆ ಜಾರಿ ಶೆಡ್ಡಿನಿಂದ ಆಚೆ ಬಂತು, ಗೇಟು ದಾಟಿತು, ಬೀದಿಗೆ ಇಳಿಯಿತು. ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದವಳು ಬೆರಗಾಗಿ ನೋಡಿದಳು. ಆಮೇಲೆ, ಗಡಿಯಾರದವರು ಎಷ್ಟೋ ವರ್ಷದಿಂದ ಕಾಣದ ಹಾಗೆ, ಬಾಯಿ ತುಂಬ ನಕ್ಕು ಚಪ್ಪಾಳೆ ತಟ್ಟಿದಳು. "ಗೆದ್ರಿ ಕಣ್ರೀ!" ಎಂದು ಕೂಗಿದಳು. ಸದ್ದಿನಲ್ಲಿ ಅದು ಕೇಳಿಸದಿದ್ದರೂ ಅವರಿಗೆ ಅರ್ಥವಾಯಿತು.

ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆರು ವರ್ಷ ನಿಂತ ಕಾರು ಓಡುತ್ತಿರುವಾಗ ಯಾರಿಗೆ ನಿಲ್ಲಿಸಲು ಮನಸ್ಸು ಬರುತ್ತದೆ? ಬೀದಿಯುದ್ದಕ್ಕೂ ಹೋದರು, ಬಲಕ್ಕೆ ತಿರುಗಿದರು, ಅಂಚೆ ಕಚೇರಿಯನ್ನು ಸುತ್ತು ಹಾಕಿದರು. ಜನ ಅಂಗಡಿಗಳಿಂದ ಹೊರಬಂದು ನೋಡಿದರು. ಬ್ರೆಡ್ಡಿನ ಕ್ರೇಟಿನ ಮೇಲೆ ಕೂತು, ಸ್ಟಿಯರಿಂಗೊಂದನ್ನು ಹಿಡಿದು, ಇಂಜಿನ್ನಿನ ಹಿಂದೆ ಗಾಳಿಯಲ್ಲಿ ಹೋಗುತ್ತಿದ್ದ ಆ ಮನುಷ್ಯನ ಕೆನ್ನೆ ಒದ್ದೆಯಾಗಿತ್ತು. "ಓಡ್ತು ಗುರುಗಳೇ, ಓಡ್ತು" ಎಂದು ಅವರು ಗಟ್ಟಿಯಾಗಿ ಹೇಳಿಕೊಂಡರು.

ಐದೂಕಾಲಕ್ಕೆ ತಮ್ಮ ಬೀದಿಗೆ ಮರಳಿ ತಿರುಗಿದಾಗ ಎದುರಿನಿಂದ ಒಂದು ಲಾರಿ ಬರುತ್ತಿತ್ತು. ಅದರ ಬೆನ್ನಿನ ಮೇಲೆ ಗುರುಗಳ ಕಾರಿನ ದೀಪಗಳು ಇವರನ್ನೇ ಪಿಳಿಪಿಳಿ ನೋಡುತ್ತಿದ್ದವು. ಪಕ್ಕದಲ್ಲಿ ಜಾಲರಿ, ಬಾಗಿಲುಗಳು, ಸೀಟುಗಳು, ಬೆಡ್‌ಶೀಟು ಹೊದ್ದ ಬಾನೆಟ್ಟು.

ಗಡಿಯಾರದವರು ಬ್ರೇಕು ಒತ್ತಿದರು. ಕಾರನ್ನು ಅಡ್ಡ ನಿಲ್ಲಿಸಿ, "ಏಯ್! ಏಯ್! ಅದು ನನ್ನ ಕಾರು!" ಎಂದು ಕೂಗಿದರು.

ಹೆಂಡತಿ ಓಡಿ ಬಂದಳು. "ಏನಾಯ್ತ್ರೀ?"

"ಯಾರೇ ಇದನ್ನೆಲ್ಲ ಕೊಟ್ಟಿದ್ದು?"

"ನಾನೇ. ನಿಮ್ಮ ಕಾರು ಆಚೆ ಓಡ್ತಾ ಇತ್ತಲ್ಲ! ಶೆಡ್ಡಿನಲ್ಲಿ ಉಳಿದಿರೋ ಗುಜರಿ ಎಲ್ಲ ತುಂಬ್ಕೊಂಡು ಹೋಗಪ್ಪಾ ಅಂದೆ" ಎಂದ ಆಕೆ ಲಾರಿಯ ಮೇಲೊಮ್ಮೆ, ಗಂಡ ಕೂತಿದ್ದ ಕ್ರೇಟಿನ ಮೇಲೊಮ್ಮೆ ನೋಡಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅದೆಲ್ಲ ಇದರದ್ದಾ? ಇದು ಇಷ್ಟು ಚೆನ್ನಾಗಿ ಓಡ್ತಿತ್ತು, ಅವೆಲ್ಲ ಬೇಡದ್ದು ಅಂದ್ಕೊಂಡೆ ಕಣ್ರೀ."

ಗಾರ್ಡ್ ಸಾಹೇಬರೂ ಬೇಕರಿಯ ಅಣ್ಣನೂ ಗೋಡೆಯ ಹಿಂದೆ ಮರೆಯಾದರು. ಲೋಡು ಮಾಡಲು ಕೈಜೋಡಿಸಿದವರು ಅವರೇ ಅನ್ನುವುದು ಅವರು ಮರೆಯಾದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಗುಜರಿಯವನು ಲಾರಿಯಿಂದ ಇಳಿದ. ತಾಳ್ಮೆಯ ಮನುಷ್ಯ. ಗಡಿಯಾರದವರು ಕೈ ಹಿಡಿದು ಕೇಳಿಕೊಂಡರು, ಗುರುಗಳ ಕಥೆ ಹೇಳಿದರು, ಒಂದೊಂದು ಸಾಮಾನನ್ನೂ ಬೆರಳು ಮಾಡಿ ತೋರಿಸಿದರು. ಅವನು ಎಲ್ಲ ಕೇಳಿಸಿಕೊಂಡ. ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ಮೌಂಟಿಂಗ್ ನೋಡಿದ, ಫ್ಯಾನು ನೋಡಿದ, ಮೇಲಕ್ಕೆದ್ದು ನಿಂತಿದ್ದ ಇಂಜಿನ್ನನ್ನು ನೋಡಿದ.

"ನೋವಾಗುತ್ತೆ ಸಾರ್, ನನಗೂ ಅರ್ಥ ಆಗುತ್ತೆ" ಎಂದ. "ಆದ್ರೆ ನ್ಯಾಯವಾಗಿ ಯೋಚನೆ ಮಾಡಿ. ಬಾನೆಟ್ಟು ನನ್ನ ಹತ್ರ. ಬಾಗಿಲು, ಸೀಟು, ದೀಪ, ಟ್ಯಾಂಕು, ಸೈಲೆನ್ಸರ್ ಎಲ್ಲ ನನ್ನ ಹತ್ರ. ಇದರ ಹಳೇ ಇಂಜಿನ್ನೂ ನನ್ನ ಹತ್ರಾನೇ ಇದೆ. ಲಾರಿಗೆ ಹಾಕುವಾಗ ಕೈ ಜಾರಿ ಬಿತ್ತು ನೋಡಿ, ಹಿಡ್ಕೊಂಡಿದ್ದು ಬಿಟ್ಕೊಂಡು ಈಗ ಸಲೀಸಾಗಿ ತಿರುಗ್ತಾ ಇದೆ. ಹಂಗಾದ್ರೆ ಕಾರು ಯಾರ ಹತ್ರ ಇದೆ ಅಂತ ನೀವೇ ಹೇಳಿ."

ಗಡಿಯಾರದವರು ಕೂತಲ್ಲೇ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಅಷ್ಟರಲ್ಲಿ ಕ್ಯಾನಿನ ಪೆಟ್ರೋಲು ಮುಗಿದು ಇಂಜಿನ್ನು ತಾನಾಗಿ ನಿಂತಿತು. ಬೀದಿಯಲ್ಲಿ ಸದ್ದಡಗಿತು.

ಗುಜರಿಯವನು ಲಾರಿಯಿಂದ ಬೋಲ್ಟು ಬಿಚ್ಚುವ ಪಾನಾಗಳ ಚೀಲ ಇಳಿಸಿಕೊಂಡು ಬಂದು, ಅವರ ಹೆಗಲ ಮೇಲೆ ಕೈಯಿಟ್ಟು, ಸಮಾಧಾನ ಹೇಳುವ ದನಿಯಲ್ಲಿ ಅಂದ:

"ಇಳೀರಿ ಸಾರ್, ಬೇಜಾರು ಮಾಡ್ಕೋಬೇಡಿ. ಈ ವ್ಯಾನಿನ ಇಂಜಿನ್ನು ಬಿಚ್ಚಿ ನಿಮಗೇ ಕೊಟ್ಟು ಹೋಗ್ತೀನಿ. ಅದು ಈ ಕಾರಿಗೆ ಕೂರಲ್ಲ."